ಎಲ್ಲಾ ಸೇರಿ

ಅಮ್ಮ ಸಂತೆಯಲ್ಲಿ ಒಂದೊಂದರ ಬೆಲೆ ಬೇರೆಬೇರೆಯಾಗಿ ಕೇಳಿದವಳಲ್ಲ. ಬದನೆಕಾಯಿ, ಹುರುಳಿಕಾಯಿ, ಒಂದು ಕಟ್ಟು ದಂಟಿನಸೊಪ್ಪು, ಎರಡು ನಿಂಬೆಹಣ್ಣು ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿಸಿ, ಸೆರಗಿನ ಗಂಟು ಬಿಚ್ಚುತ್ತಾ, "ಎಲ್ಲಾ ಸೇರಿ ಎಷ್ಟಾಯ್ತು ಹೇಳ್ಬುಡು" ಅನ್ನುವಳು. ಹಲಗೂರಿನ ಸಂತೆಯಲ್ಲಿ ಕಲಿತ ಈ ಲೆಕ್ಕವನ್ನು ಬೆಂಗಳೂರಿನ ತಳ್ಳುಗಾಡಿಯವನ ಮುಂದೆಯೂ ಬಿಟ್ಟಿಲ್ಲ. ಹಾಗಾಗಿ ಕಳೆದ ಡಿಸೆಂಬರಿನಲ್ಲಿ, ಭೀಮೇಶ್ವರಿಯ ಕ್ಯಾಂಪಿನಲ್ಲಿ ಇಬ್ಬರಿಗೂ ಒಂದು ರಾತ್ರಿಗೆ ಜಾಗ ಹಿಡಿದಿದ್ದೇನೆ ಎಂದು ನಾನು ಹೇಳಿದಾಗ ಅವಳು ಮೊದಲು ಕೇಳಿದ್ದೂ ಅದನ್ನೇ. ಇರುವುದಕ್ಕೆ ಗುಡಾರ, ಮೂರು ಹೊತ್ತಿನ ಊಟ, ಸಂಜೆಯ ಕಾಫಿ ಬೋಂಡ, ತೆಪ್ಪದ ಸವಾರಿ, ಬೆಳಗಿನ ಕಾಡು ಸುತ್ತಾಟ, ಜೊತೆಗೆ ಬರುವ ಗೈಡು, ಎಲ್ಲಾ ಸೇರಿ ಇಷ್ಟು ಎಂದೆ. ಅವಳು ಸುಮ್ಮನಾದಳು. ಅಕ್ಕಿ ಆರಿಸುತ್ತಿದ್ದ ಮೊರವನ್ನು ಎರಡು ಸಲ ಕೇರಿದಳು.

"ನಮ್ಮೊಳೆ ದಡದಾಗೆ ಮನಗಕ್ಕೆ ಅಷ್ಟು ದುಡ್ಡು ಕೊಡ್ಬೇಕಾ ಮಗ?"

ನಮ್ಮೊಳೆ ಅನ್ನುವುದು ಅವಳಿಗೆ ಮಾತಿನ ಅಲಂಕಾರವಲ್ಲ. ಅವಳ ತವರು ಹಲಗೂರಿನಿಂದ ಮುತ್ತತ್ತಿಯ ಕಡೆ ಹೋಗುವ ದಾರಿಯಲ್ಲಿದೆ. ಎತ್ತಿನ ಗಾಡಿ ಕಟ್ಟಿಕೊಂಡು ಮುತ್ತತ್ತಿರಾಯನಿಗೆ ಪರ ಮಾಡಲು ಹೋಗುತ್ತಿದ್ದ ಕಾಲದ ಹುಡುಗಿ ಅವಳು. ಸೀತಮ್ಮನ ಮೂಗುತಿಯ ಮುತ್ತು ಹೊಳೆಗೆ ಜಾರಿ ಬಿದ್ದಾಗ ಹನುಮಪ್ಪ ಬಾಲದಿಂದ ಮಡುವನ್ನೇ ಕಲಕಿ ಎತ್ತಿಕೊಟ್ಟ, ಅದಕ್ಕೇ ಊರಿಗೆ ಆ ಹೆಸರು ಎಂದು ಹೇಳುವಾಗ ಅವಳ ಕೈ ಈಗಲೂ ಗಾಳಿಯಲ್ಲಿ ಸುತ್ತುತ್ತದೆ. ಆ ದೇವರ ಹೆಸರಿನಿಂದಲೇ ರಾಜ್‌ಕುಮಾರ್ ಅವರಿಗೆ ಮನೆಯವರು ಮುತ್ತುರಾಜ ಎಂದು ಹೆಸರಿಟ್ಟಿದ್ದು ಎನ್ನುವುದನ್ನೂ ಆ ಕತೆಯ ಬಾಲಕ್ಕೆ ಕಟ್ಟುತ್ತಾಳೆ. ಪರಕ್ಕೆ ಹೋಗುವಾಗ ಗಾಡಿಯಲ್ಲಿ ಹಂಡೆ, ರಾಗಿಹಿಟ್ಟು, ಒರಳಿಗೆ ಬೇಕಾದ ಮಸಾಲೆ, ಚಾಪೆ, ಕಂಬಳಿ, ಮಕ್ಕಳು, ಮುದುಕರು ಎಲ್ಲಾ ಸೇರಿರುತ್ತಿತ್ತು. ಮರಳಿನ ಮೇಲೆ ಮೂರು ಕಲ್ಲಿನ ಒಲೆ ಹೂಡಿ, ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣ್ಣಿಸಿ, ರಾತ್ರಿ ಅಲ್ಲೇ ಹೊಳೆಯ ಸದ್ದಿನಲ್ಲಿ ಮಲಗಿ ಏಳುತ್ತಿದ್ದರು. ಹೊಳೆ ದಡದ ಬಿಡಾರವೆಂದರೆ ಅವಳ ಮನಸ್ಸಿನಲ್ಲಿ ಅದೇ. ಅಲ್ಲಿ ಕರೆದವರು ಯಾರು, ಬಂದವರು ಯಾರು ಎಂಬ ಲೆಕ್ಕವಿರಲಿಲ್ಲ.

ದುಡ್ಡು ಕೊಟ್ಟು ಕಾಡಿನಂಚಿನಲ್ಲಿ ಉಳಿದುಕೊಳ್ಳುವ ಈಗಿನ ಪದ್ಧತಿ ನಮ್ಮ ನಾಡಿಗೆ ಬಂದದ್ದು 1980ರಲ್ಲಿ. ನೇಪಾಳದ ಚಿತ್ವನ್ ಕಾಡಿನ ಟೈಗರ್ ಟಾಪ್ಸ್ ಮಾದರಿಯನ್ನು ಕಂಡು, ಅವರನ್ನೇ ಜೊತೆ ಸೇರಿಸಿಕೊಂಡು, ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದಾಗ ಸರ್ಕಾರ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯನ್ನು ಕಟ್ಟಿತು. ಮೊದಲ ಬಿಡಾರ ಕಾರಾಪುರದ ಕಬಿನಿ ದಂಡೆಯದು. ಮೈಸೂರು ಅರಸರ ಬೇಟೆಯ ಬಂಗಲೆಯಿದ್ದ ಜಾಗ. ಸಮೀಪದ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕೆಲವು ವರ್ಷಗಳಲ್ಲೇ ಆನೆಯನ್ನು ಹಿಡಿಯಲು ಬರುತ್ತಿದ್ದ ಜಾಗಕ್ಕೆ ಜನ ಆನೆಯನ್ನು ಬರಿದೇ ನೋಡಲು ಬರತೊಡಗಿದರು. ಕರ್ನಲ್ ಜಾನ್ ವೇಕ್‌ಫೀಲ್ಡ್ ಎಂಬ ಹಿರಿಯರು ಆ ಬಿಡಾರವನ್ನು ಬೆಳೆಸಿ, 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ನೆಲೆಸಿದ್ದರು. ನಾನು ಚಿಕ್ಕವಳಿದ್ದಾಗ ಒಮ್ಮೆ ಅಲ್ಲಿಗೆ ಹೋಗಿದ್ದೆ. ಬಿಳಿ ಮೀಸೆಯ ಅಜ್ಜ ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಮನೆಯ ಯಜಮಾನನ ಹಾಗೆ ಮಾತನಾಡಿಸುತ್ತಿದ್ದುದು ನೆನಪಿದೆ. ಕೊಠಡಿ, ಊಟ, ಸಫಾರಿ, ದೋಣಿ ಎಲ್ಲಕ್ಕೂ ಒಂದೇ ದರ ಎಂಬ ಕ್ರಮ ಅಲ್ಲಿಂದಲೇ ಹಬ್ಬಿತು. ಈಗ ಕಬಿನಿಯ ಸುತ್ತ, ಬಂಡೀಪುರದ ಸುತ್ತ ಖಾಸಗಿಯವರ ದೊಡ್ಡ ದೊಡ್ಡ ಬಿಡಾರಗಳಿವೆ. ಅವುಗಳಲ್ಲಿ ಒಂದೆರಡನ್ನು ಕಂಡಿದ್ದೇನೆ. ಆದರೆ ಅಮ್ಮನನ್ನು ಕರೆದೊಯ್ಯಬೇಕೆಂದಾಗ ನನಗೆ ಅವು ಯಾವುದೂ ಹೊಳೆಯಲಿಲ್ಲ, ಸರ್ಕಾರದ ಸಂಸ್ಥೆಯ ಭೀಮೇಶ್ವರಿ ಕ್ಯಾಂಪೇ ಹೊಳೆದದ್ದು.

ಬೆಳಗಿನ ಜಾವಕ್ಕೇ ಹೊರಟೆವು. ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋಗುವುದು ಅಮ್ಮನ ಕ್ರಮದಲ್ಲಿಲ್ಲ. ಮದ್ದೂರಿಗೂ ಮೊದಲೇ, ಹೆದ್ದಾರಿಯಿಂದ ಕೊಕ್ಕರೆಬೆಳ್ಳೂರಿನ ಕಡೆ ತಿರುಗುವ ಕೈಮರ ಕಂಡಾಗ ಅವಳು ಕಿಟಕಿಯಾಚೆ ಬಗ್ಗಿ ನೋಡಿದಳು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಆ ಊರಿನ ಹಿತ್ತಲ ಹುಣಸೆ ಮರ, ಅತ್ತಿ ಮರಗಳಲ್ಲಿ ಗೂಡು ಕಟ್ಟುವ ಕಾಲ ಹತ್ತಿರವಾಗಿತ್ತು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದೆ. ಊರವರು ಮಾತ್ರ ಅದಕ್ಕೆ ಎಷ್ಟೋ ಮೊದಲೇ ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆದು ಇಟ್ಟುಕೊಂಡಿದ್ದರು. ಹುಣಸೆ ಮರದಲ್ಲಿ ಗೂಡು ಕಟ್ಟಿದರೆ ಆ ವರ್ಷದ ಹಣ್ಣು ಹಾಳು, ಕೆಳಗಿನ ಅಂಗಳವೆಲ್ಲ ಹಿಕ್ಕೆ, ಕೊಳೆತ ಮೀನಿನ ನಾತ. ಹೆಣ್ಣುಮಗಳು ಬಂದಾಗ ಮನೆಗೆ ಖರ್ಚು ಬರದೇ ಇರುತ್ತದೆಯೇ ಎಂದು ಅಮ್ಮ ಅದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು.

ಭೀಮೇಶ್ವರಿಗೆ ಮಧ್ಯಾಹ್ನ ಹೋದರೆ ಸಾಕಿತ್ತು. ಹಾಗಾಗಿ ಮಳವಳ್ಳಿ ದಾಟಿ ಶಿವನಸಮುದ್ರಕ್ಕೆ ಹೋದೆವು. ಶ್ರೀರಂಗಪಟ್ಟಣದ ಆದಿರಂಗನನ್ನೂ ಶ್ರೀರಂಗದ ಅಂತ್ಯರಂಗನನ್ನೂ ನೋಡಿ ಬಂದ ಅಮ್ಮನಿಗೆ ಇಲ್ಲಿಯ ಮಧ್ಯರಂಗನ ಮೇಲೆ ಮೋಹ ಹೆಚ್ಚು. ಜಗನ್ಮೋಹನ ರಂಗ ಅನ್ನುತ್ತಾರೆ. ಹೊಳೆ ಎರಡಾಗಿ ಸೀಳಿ ನಡುವೆ ದ್ವೀಪವನ್ನು ಬಿಟ್ಟು ಹರಿಯುವ ಜಾಗದಲ್ಲಿ, ಪಶ್ಚಿಮದ ಕವಲಿನಲ್ಲಿ ಗಗನಚುಕ್ಕಿ, ಪೂರ್ವದ್ದರಲ್ಲಿ ಭರಚುಕ್ಕಿ. ದ್ವೀಪಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲುಕಂಬದ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಉಳಿದ ಕಂಬಗಳು ನೀರಿನಲ್ಲಿ ಇನ್ನೂ ಸಾಲಾಗಿ ನಿಂತಿವೆ.

ಡಿಸೆಂಬರಿನಲ್ಲಿ ಗಗನಚುಕ್ಕಿ ಬಡವಾಗಿರುತ್ತದೆ. ಆಗಸ್ಟಿನಲ್ಲಿ ನೋಡಿದವರಿಗೆ ಇದು ಅದೇ ಹೊಳೆಯೇ ಎಂಬ ಸಂದೇಹ ಬರಬೇಕು. ಕಪ್ಪು ಬಂಡೆಯ ಮೇಲೆ ನಾಲ್ಕಾರು ಬಿಳಿ ಎಳೆ. ಉಳಿದ ನೀರು ಕಾಲುವೆ ಹಿಡಿದು ಪವರ್‌ಹೌಸಿಗೆ ಇಳಿಯುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ, ಮುಗಿದದ್ದು 1902ರಲ್ಲಿ, ಅವರು ತೀರಿಕೊಂಡ ಮರುವರ್ಷ. ಇಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಕಳಿಸಿದ್ದು ಆ ಕಾಲಕ್ಕೆ ಜಗತ್ತೇ ನೋಡುವಂಥ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. "ನಾನು ಮದ್ವೆ ಆಗಿ ಹೋಗೋ ಗಂಟ ನಮ್ಮೂರಲ್ಲಿ ಬುಡ್ಡಿ ದೀಪವೇ" ಎಂದಳು ಅಮ್ಮ. ದೂರಾಗಿ ಹೇಳಿದ್ದಲ್ಲ. ತನ್ನ ಮದುವೆಯ ವರ್ಷವನ್ನು ನೆನೆಯುತ್ತಿದ್ದಳು ಅಷ್ಟೆ.

ನನ್ನ ಮನಸ್ಸಿನಲ್ಲಿ ಮಾತ್ರ ಆ ಮಾತು ನಿಂತಿತು. ಅದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಲ್ಲಿ ಬೆಂಗಳೂರಿಗೆ ಕಾವೇರಿಯ ಮೊದಲ ಹಂತದ ನೀರು ಹೋಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಶುರುವಾಗಿದೆ. ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್. ನೂರು ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ ಮೇಲಕ್ಕೆ ಹತ್ತಿಸಿದ ನೀರು ನನ್ನ ಅಡುಗೆಮನೆಯ ನಲ್ಲಿಯಲ್ಲಿ ಬರುತ್ತದೆ. ನಾನು ಇಪ್ಪತ್ತೆಂಟು ವರ್ಷದಿಂದ ಇದನ್ನೇ ಕುಡಿಯುತ್ತಿದ್ದೇನೆ. ಉಳಿದು ಕೆಳಕ್ಕೆ ಹರಿಯುವ ನೀರು ಭೀಮೇಶ್ವರಿ, ಮುತ್ತತ್ತಿ, ಸಂಗಮ, ಮೇಕೆದಾಟು ದಾಟಿ ಬಿಳಿಗುಂಡ್ಲುವಿನ ಅಳತೆಪಟ್ಟಿಯ ಮುಂದೆ ಹಾದು ತಮಿಳುನಾಡಿಗೆ ಸೇರುತ್ತದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವರ್ಷಕ್ಕೆ 177.25 ಟಿಎಂಸಿ. ಈ ಹೊಳೆ ದಡದ ಜನ ಯಾವ ಕಾಲಕ್ಕೂ ಕೊಡುವ ಕಡೆಯೇ ಇದ್ದವರು. ಕೊಟ್ಟದ್ದನ್ನು ಒಂದೆಡೆ ಗುಡ್ಡೆ ಹಾಕಿ ಎಲ್ಲಾ ಸೇರಿ ಎಷ್ಟಾಯಿತು ಎಂದು ಯಾರೂ ಅವರಿಗೆ ಹೇಳಿದಂತಿಲ್ಲ.

ಹಲಗೂರಿನಿಂದ ಒಳದಾರಿ ಹಿಡಿದು ಕಾಡು ಇಳಿಯುತ್ತಾ ಬಂದರೆ ತಟ್ಟನೆ ಹೊಳೆ ಎದುರಾಗುತ್ತದೆ. ಎದುರು ದಡ ಚಾಮರಾಜನಗರ ಜಿಲ್ಲೆಯ ಗುಡ್ಡಗಳು. ಎರಡೂ ಕಡೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ. ಆಮೇಲೆ ಹಿಗ್ಗಿಸಿ ಈಗ ಸಾವಿರ ಚದರ ಕಿಲೋಮೀಟರಿಗೂ ಮಿಗಿಲು. ಹೊಳೆಮತ್ತಿ ಮರಗಳು ತಮ್ಮ ಬಿಳಿ ಬೊಡ್ಡೆಗಳನ್ನು ನೀರಿಗೆ ಒರಗಿಸಿ ನಿಂತಿದ್ದವು. ನಮ್ಮದು ದಪ್ಪ ಕ್ಯಾನ್‌ವಾಸಿನ ಗುಡಾರ. ಒಳಗೆ ಎರಡು ಮಂಚ, ಬಿಳಿ ಹೊದಿಕೆ, ಹಿಂದೆ ಬಿಸಿನೀರಿನ ಬಚ್ಚಲು, ಮುಂದೆ ಎರಡು ಕುರ್ಚಿ. ಅಮ್ಮ ಒಳಗೆ ಹೋಗಿ ಹೊದಿಕೆಯ ಮಡಿಕೆಯನ್ನು ಮುಟ್ಟಿ ನೋಡಿ, ಕೂರದೆ ಹೊರಗೆ ಬಂದಳು. ಚಪ್ಪಲಿ ಬಿಟ್ಟು ನೀರಿನವರೆಗೆ ನಡೆದು ಕಣ್ಣಿಗೆ ಒಂದಿಷ್ಟು ಒತ್ತಿಕೊಂಡು ಕೈಮುಗಿದಳು. ಆಮೇಲೆಯೇ ಕುರ್ಚಿಯಲ್ಲಿ ಕೂತದ್ದು.

ಊಟದ ದುಂಡು ಹಜಾರಕ್ಕೆ ಇಲ್ಲಿ ಗೋಲ್‌ಘರ್ ಎಂದು ಹೆಸರು. ಸುತ್ತ ಗೋಡೆಯಿಲ್ಲ, ಕೂತಲ್ಲಿಂದಲೇ ಹೊಳೆ ಕಾಣುತ್ತದೆ. ಉದ್ದನೆಯ ಮೇಜಿನ ಮೇಲೆ ಅನ್ನ, ಚಪಾತಿ, ಪನೀರು, ಕೋಳಿ ಸಾರು, ಹಪ್ಪಳ ಸಾಲಾಗಿತ್ತು. ತಟ್ಟೆ ಹಿಡಿದು ತಾನೇ ಬಡಿಸಿಕೊಳ್ಳುವುದು ಅಮ್ಮನಿಗೆ ಸರಿಬರಲಿಲ್ಲ. ಮನೆಗೆ ಕರೆದವರು ಬಡಿಸಬೇಕು, ಬಂದವರು ಸಾಕು ಸಾಕು ಅನ್ನಬೇಕು, ಬೇಡವೆಂದರೂ ಒಂದು ಸೌಟು ಬೀಳಬೇಕು. ಇದು ಅವಳು ಬಲ್ಲ ಉಪಚಾರ. ಮೂಲೆಯಲ್ಲಿ ನಿಂತಿದ್ದ ಹುಡುಗ ಇದನ್ನು ಹೇಗೆ ಕಂಡುಕೊಂಡನೋ, ಬಂದು ತಟ್ಟೆ ತೆಗೆದುಕೊಂಡು, "ಕೂತ್ಕಳಿ ಅವ್ವ, ನಾನು ತತ್ತೀನಿ. ಒಳ್ಗೆ ಮುದ್ದೆ ಮಾಡವ್ರೆ, ತರ್ಲಾ?" ಎಂದ.

ಆ ಒಂದು ಅವ್ವ ಎಂಬ ಮಾತಿಗೆ ಅಮ್ಮನ ಮುಖ ಅರಳಿತು. ಯಾವೂರು, ಯಾರ ಮಗ, ಅವ್ವನ ತವರು ಯಾವುದು ಎಂದು ವಿಚಾರಣೆ ಶುರುವಾಯಿತು. ಮೂರನೆಯ ತುತ್ತಿನ ಹೊತ್ತಿಗೆ ಹುಡುಗನ ಅಜ್ಜಿಯೂ ಅಮ್ಮನ ದೊಡ್ಡಮ್ಮನ ಮಗಳೂ ಒಂದೇ ಊರಿಗೆ ಸೊಸೆಯರಾಗಿ ಹೋದವರು ಎಂಬಲ್ಲಿಗೆ ಬಂದಿತ್ತು. ಮುದ್ದೆಯ ಮೇಲೆ ತುಪ್ಪ ಬಿತ್ತು. ಎರಡನೆಯ ಮುದ್ದೆ ಕೇಳದೆಯೇ ಬಂತು. ಪಕ್ಕದ ಮೇಜಿನ ಬೆಂಗಳೂರಿನ ಜೋಡಿಯೂ ನೋಡಿ ನೋಡಿ ಒಂದೊಂದು ಮುದ್ದೆ ಹೇಳಿದರು. ಚೂರು ಮುರಿದು ಬೆರಳಲ್ಲಿ ಉಂಡೆ ಮಾಡಿ ಸಾರಲ್ಲಿ ಅದ್ದಿ ನುಂಗುವುದನ್ನು ಅಮ್ಮ ಅವರಿಗೆ ಕೂತಲ್ಲಿಂದಲೇ ಕಲಿಸಿದಳು.

ಸಂಜೆ ನಾಲ್ಕಕ್ಕೆ ತೆಪ್ಪ. ಬಿದಿರು ಹೆಣೆದ ದುಂಡು ಬುಟ್ಟಿಯಂಥದ್ದು, ತಳಕ್ಕೆ ಟಾರು ಬಳಿದದ್ದು. ಹುಟ್ಟು ಹಾಕುವವರು ಅರವತ್ತರ ಆಸುಪಾಸಿನವರು, ಕ್ಯಾಂಪಿನ ಹಳೆಯ ಕೈ. ಮಧ್ಯಾಹ್ನದ ಮುದ್ದೆಯ ಸುದ್ದಿ ಅವರವರೆಗೂ ಹೋಗಿತ್ತೆಂದು ಕಾಣುತ್ತದೆ. "ಈ ಒಳೇಲಿ ಮುದ್ದೆ ತಿನ್ನದೆ ಇರೋರು ಯಾರೂ ಇಲ್ಲ ತಾಯಿ. ಮೀನೂ ತಿಂತದೆ" ಎಂದು ಶುರುಮಾಡಿದರು.

ಅವರು ಹೇಳಿದ್ದು ಬಿಳಿಮೀನಿನ ಮಾತು. ಇಂಗ್ಲಿಷರು ಮಹಸೀರ್ ಅನ್ನುವ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದೊಂದನ್ನು ಹಿಡಿದಿದ್ದರು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೋ, ಒಂದು ಮೂಟೆ ರಾಗಿಯ ತೂಕ. ಆಮೇಲೆ ಈ ಮೀನು ಅಳಿದೇ ಹೋಯಿತೆಂದು ಹೊರಗಿನವರು ತಿಳಿದಿದ್ದರು. 1970ರ ದಶಕದ ಕೊನೆಯಲ್ಲಿ ಹುಡುಕಿಕೊಂಡು ಬಂದ ಮೂವರು ಆಂಗ್ಲ ಯುವಕರಿಗೆ ಶಿವನಸಮುದ್ರದ ಕೆಳಗಿನ ಈ ಮಡುಗಳಲ್ಲಿ ಅದು ಸಿಕ್ಕಿತು. ಅಲ್ಲಿಂದ ಜಗತ್ತಿನ ಗಾಳಗಾರರ ದಂಡೇ ಬರತೊಡಗಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಎದ್ದ ಕ್ಯಾಂಪುಗಳು ಮೂಲದಲ್ಲಿ ಹುಲಿಗೂ ಆನೆಗೂ ಅಲ್ಲ, ಈ ಮೀನಿಗಾಗಿ ಎದ್ದವು. ಗಾಳಕ್ಕೆ ಚುಚ್ಚುತ್ತಿದ್ದ ತಿನಿಸು ರಾಗಿಮುದ್ದೆ. ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ ಇಳಿಬಿಡುತ್ತಿದ್ದರು.

"ಲಂಡನ್ನಿಂದ ಸಾವ್ರಾರು ರುಪಾಯಿ ಗಾಳ ತಂದವ್ರೆ, ಕೊನೆಗೆ ನಮ್ಮವ್ವ ಕೂಡಿಸಿದ ಮುದ್ದೆಗೇ ಮೀನು ಕಚ್ಚೋದು" ಎಂದು ಅವರು ಹುಟ್ಟನ್ನು ಮೊಣಕಾಲ ಮೇಲಿಟ್ಟುಕೊಂಡು ನೆನಪಿಸಿಕೊಂಡರು. ಹಿಡಿದ ಮೀನನ್ನು ತೂಗಿ, ಅಳೆದು, ಪಟ ತೆಗೆದು, ನೀರಲ್ಲಿ ಎರಡೂ ಕೈಯಿಂದ ಹಿಡಿದು ಉಸಿರು ತುಂಬುವವರೆಗೂ ತೂಗಿಸಿ ಬಿಡುವುದು ನಿಯಮ. "ನಾವೂ ವಯಸ್ನಲ್ಲಿ ತೋಟೆ ಹೊಡ್ದೋರೇ ತಾಯಿ. ಒಂದು ತೋಟೆಗೆ ಮಡುವಿಗೆ ಮಡುವೇ ಬೆಳ್ಳಗೆ ತೇಲೋದು. ದೊಡ್ಡದು, ಮರಿ, ಮೊಟ್ಟೆ ಯಾವುದೂ ಉಳೀತಿರ್ಲಿಲ್ಲ. ಇಲ್ಲಿ ಕೆಲ್ಸಕ್ಕೆ ಸೇರ್ದ ಮ್ಯಾಲೆ, ಆ ಮೀನು ಕಣ್ಣು ಬಿಟ್ಟು ನಮ್ಮ ಕೈಯಿಂದ ಜಾರಿ ಹೋಯ್ತದಲ್ಲ, ಅದ್ನ ಕಂಡೋನು ಇನ್ನು ತೋಟೆ ಮುಟ್ಟಕ್ಕಾದದಾ?"

ಇಂಥ ಬಿಡಾರಗಳ ಬಗ್ಗೆ ನನಗಿರುವ ಗೌರವಕ್ಕೆ ಈ ಮಾತೇ ಆಧಾರ. ಹೊಳೆಯನ್ನು ತೋಟೆಯಿಂದ ಉಳಿಸಿದವರು ತೋಟೆ ಹೊಡೆದವರೇ. ಅವರಿಗೆ ತಿಂಗಳ ಸಂಬಳ, ಒಂದು ಸಮವಸ್ತ್ರ, ಹೊಳೆಯ ಬಗ್ಗೆ ತಮಗೆ ಗೊತ್ತಿದ್ದನ್ನು ಬೇರೆಯವರು ಕೇಳುತ್ತಾರೆ ಎಂಬ ಮರ್ಯಾದೆ ಸಿಕ್ಕಿತು. ಗಾಳಗಾರರು ಹೋಗಿ ಈಗ ಬಹಳ ವರ್ಷವಾಯಿತು. ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದು 2010ರ ನಂತರದ ವರ್ಷಗಳಲ್ಲಿ ಅದನ್ನು ನಿಲ್ಲಿಸಿದರು. ಆದರೆ ಅವರು ಬರೆದಿಟ್ಟು ಹೋದ ಲೆಕ್ಕದ ಪುಸ್ತಕ ಒಂದು ದೊಡ್ಡ ಸತ್ಯವನ್ನು ಹೊರಗೆಡವಿತು. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಕೂತು ಓದಿದಾಗ, ಒಟ್ಟು ಮೀನಿನ ಸಂಖ್ಯೆ ಏರುತ್ತಾ ಹೋಗಿದ್ದರೂ, ಬೆನ್ನಿನ ಮೇಲೆ ಗೂನಿರುವ ಕಾವೇರಿಯ ಸ್ವಂತ ಬಿಳಿಮೀನು ವರ್ಷ ವರ್ಷಕ್ಕೂ ಕರಗುತ್ತಾ ಬಂದದ್ದು ಕಂಡಿತು. ಬೆಳೆದದ್ದು ನೀಲಿ ರೆಕ್ಕೆಯ ಇನ್ನೊಂದು ಜಾತಿ. ಮಹಾರಾಷ್ಟ್ರದ ಲೋಣಾವಳದ ಮರಿ ಸಾಕಣೆ ಕೇಂದ್ರದಿಂದ ತಂದು, ಮೀನು ಹೆಚ್ಚಲೆಂಬ ಒಳ್ಳೆಯ ಮನಸ್ಸಿನಿಂದಲೇ ಇಲ್ಲಿ ಬಿಟ್ಟದ್ದು. ಗೂನುಬೆನ್ನಿನದಕ್ಕೆ ಟಾರ್ ರೆಮದೇವಿ ಎಂಬ ಶಾಸ್ತ್ರೀಯ ಹೆಸರೇ ಸಲ್ಲುತ್ತದೆ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಕೊನೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನೂರಾರು ವರ್ಷ ನಮ್ಮ ಜನ ಬಿಳಿಮೀನು ಎಂದು ಕರೆದುಕೊಂಡು ಬಂದದ್ದಕ್ಕೆ ಹೊರಗಿನ ಲೋಕ ಹೆಸರು ಹುಡುಕುವ ಹೊತ್ತಿಗೆ ಅದು ಹೊರಡುವ ಹೊತ್ತಾಗಿತ್ತು. ನನಗೆ ಇದು ಬಹಳ ನೋವಿನ ಸಂಗತಿ.

ತೆಪ್ಪ ಒಂದು ಬಂಡೆಯನ್ನು ಬಳಸಿತು. ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಮತ್ತಿಯ ತುದಿಯಲ್ಲಿ ಮೀನು ಹಿಡಿಯುವ ಗಿಡುಗ. ಅದರ ಪಕ್ಕದ ಮರದಲ್ಲಿ ಉದ್ದ ಬಾಲದ ಬೂದು ದೊಡ್ಡಳಿಲು. ಕರ್ನಾಟಕದಲ್ಲಿ ಅದನ್ನು ನೋಡಬೇಕಾದರೆ ಕಾವೇರಿಯ ಈ ದಂಡೆಯ ಮರಗಳಿಗೇ ಬರಬೇಕು. ಹುಟ್ಟು ನಿಲ್ಲಿಸಿ ಅವರು ಎದುರು ದಡಕ್ಕೆ ಗಲ್ಲ ಎತ್ತಿ ತೋರಿಸಿದರು.

ಆನೆಗಳು. ಬಿದಿರ ಮೆಳೆಯಿಂದ ಒಂದೊಂದಾಗಿ ಸದ್ದಿಲ್ಲದೆ ಇಳಿದವು. ಮುಂದೆ ಹಿರಿಯ ಹೆಣ್ಣಾನೆ. ಸೊಂಡಿಲು ಎತ್ತಿ ಗಾಳಿ ಮೂಸಿತು. ಹಿಂದೆ ಮೂರು, ಅವುಗಳ ಕಾಲಸಂದಿಯಲ್ಲಿ ಎರಡು ಮರಿ. ಇಳಿಬಿಸಿಲು ಅವುಗಳ ಬೆನ್ನಿನ ಕೆಂಪು ಮಣ್ಣಿನ ಮೇಲೆ ಬಿದ್ದು ಇಡೀ ದಡವೇ ಹೊಳೆಯಿತು. ಪಕ್ಕದ ತೆಪ್ಪದಲ್ಲಿದ್ದ ಮಕ್ಕಳು ಉಸಿರು ಬಿಗಿಹಿಡಿದಿದ್ದರು. ನನಗೂ ಕಣ್ಣು ತುಂಬಿತು. ಅವು ನೀರು ಕುಡಿದವು, ಮರಿಗಳ ಮೇಲೆ ಎರಚಿದವು. ಆಮೇಲೆ ಹಿರಿಯದು ನಿಧಾನವಾಗಿ, ಹೊಳೆ ಅಗಲವಾಗಿ ತೆಳ್ಳಗಿದ್ದ ಮೇಲ್ಭಾಗಕ್ಕೆ ನಡೆದು ನಮ್ಮ ಕಡೆಯ ದಡದತ್ತ ದಾಟತೊಡಗಿತು. ಉಳಿದವು ಹಿಂಬಾಲಿಸಿದವು.

ಅಮ್ಮ ಎಣಿಸುತ್ತಿದ್ದಳು. "ದೊಡ್ಡವು ನಾಕು. ಮರಿ ಎರಡು." ನಾನು ಅವಳ ಕೈ ಹಿಡಿದು, ಎಷ್ಟು ಚೆಂದ ಅಲ್ಲವೇನಮ್ಮ ಎಂದೆ. ಚೆಂದ ಕನ ಮಗ ಎಂದಳು, ಕಣ್ಣು ತೆಗೆಯದೆ. ಆಮೇಲೆ ಹುಟ್ಟು ಹಾಕುವವರನ್ನು ಕೇಳಿದಳು. "ಈ ದಾರೀಲಿ ಹತ್ತಿದ್ರೆ ಯಾವ ಕಡೆ ಬೀಳ್ತವೆ ಅಣ್ಣಾ?" ಅವರು ಹೇಳಿದ ದಿಕ್ಕು ಅಮ್ಮನ ತಮ್ಮ, ನನ್ನ ಮಾವನ ಹೊಲದ ದಿಕ್ಕಾಗಿತ್ತು.

ಡಿಸೆಂಬರ್ ಎಂದರೆ ರಾಗಿ ಕೊಯ್ದು ಕಣಕ್ಕೆ ತರುವ ಕಾಲ. ಮೆದೆ ಹಾಕುವವರೆಗೂ ರೈತನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿರುತ್ತದೆ. ಸಾಲಿನಲ್ಲಿ ಅವರೆ ಹೂವು ಕಾಯಿ, ಆಚೆಗೆ ಕಬ್ಬು. ಆ ವಾಸನೆ ಕಾಡಿನಲ್ಲಿರುವ ಆನೆಯವರೆಗೂ ಹೋಗುತ್ತದೆ. ಕಂದಕ ತೋಡಿದ್ದಾರೆ, ಸೋಲಾರ್ ತಂತಿ ಎಳೆದಿದ್ದಾರೆ, ಕೆಲವು ಕಡೆ ರೈಲು ಹಳಿಯ ಬೇಲಿ ನೆಟ್ಟಿದ್ದಾರೆ. ಆನೆ ಎಲ್ಲವನ್ನೂ ಕಲಿಯುತ್ತದೆ. ಒಣಮರ ಬೀಳಿಸಿ ತಂತಿ ಮಲಗಿಸುತ್ತದೆ, ಕಂದಕದ ಅಂಚು ತುಳಿದು ಜಾರುದಾರಿ ಮಾಡಿಕೊಳ್ಳುತ್ತದೆ. ಮಾವ ಮರದ ಮೇಲೆ ಅಟ್ಟಣೆ ಕಟ್ಟಿ, ತಗಡಿನ ಡಬ್ಬ, ಟಾರ್ಚು, ಪಟಾಕಿ ಇಟ್ಟುಕೊಂಡು ಮಲಗುತ್ತಾರೆ. ಅರವತ್ತೆಂಟು ವರ್ಷ. ಮೊಣಕಾಲು ನೋವು.

ಭೀಮೇಶ್ವರಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕಷ್ಟ. ದಡ ಮುಟ್ಟಿದ್ದೇ ತಡ ಅಮ್ಮ ಆಫೀಸಿನ ಫೋನಿಗೆ ಓಡಿದಳು. ಮಧ್ಯಾಹ್ನದ ಹುಡುಗನೇ ನಂಬರು ಹಚ್ಚಿಕೊಟ್ಟ. "ಲೋ ತಮ್ಮಾ, ನಾಕೂ ಎರಡೂ ಆರು ದಾಟವೆ ಕನ್ಲಾ. ನಾನೇ ಕಣ್ಣಾರೆ ನೋಡ್ದೆ. ಮರಿ ಅವೆ, ರೋಷದಲ್ಲಿರ್ತವೆ. ನೀನು ಒಬ್ನೇ ಅಟ್ಟಣೆ ಮ್ಯಾಲೆ ಮನಗ್ಬೇಡ. ರಾಗಿ ಹೋದ್ರೆ ಹೋಯ್ತದೆ." ಆ ಕಡೆಯಿಂದ ಮಾವ ಕೇಳಿರಬೇಕು, ನೀನೆಲ್ಲಿಂದ ನೋಡಿದೆ ಎಂದು. ಅಮ್ಮ ಒಂದು ಕ್ಷಣ ತಡೆದು, "ಒಳೆ ತಾವಿಂದ" ಎಂದಳು.

ರಾತ್ರಿ ಬೆಂಕಿಯ ಸುತ್ತ ಕುರ್ಚಿ ಹಾಕಿದ್ದರು. ಗೈಡು ಇದೇ ಕಾಡಿನ ಕ್ಯಾಮೆರಾಗಳಿಗೆ ಸಿಕ್ಕ ತರಕರಡಿಯ ಪಟ ತೋರಿಸಿದ. ಊಟ ಸೊಗಸಾಗಿತ್ತು. ಮಕ್ಕಳು ಸಂಜೆಯ ಆನೆಗಳ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ನಲಿಯುತ್ತಿದ್ದರು. ಆ ಮಕ್ಕಳ ಸಂತೋಷದಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಆನೆಯನ್ನು ಹೀಗೆ ಕಣ್ಣರಳಿಸಿ ನೋಡಿದ ಮಗು ಮುಂದೆ ಕಾಡಿನ ಪರವಾಗಿ ಒಂದು ಮಾತಾದರೂ ಆಡೀತು. ಆದರೆ ಅದೇ ಆರು ಆನೆಗಳು, ಅದೇ ರಾತ್ರಿ, ಕೆಲವೇ ಮೈಲಿಯಾಚೆ ಒಬ್ಬ ಮುದುಕ ಟಾರ್ಚು ಹಿಡಿದು ನಿದ್ದೆಗೆಟ್ಟು ಕೂತಿರಲು ಕಾರಣವಾಗಿದ್ದವು. ನಾನು ಕೊಟ್ಟ ದುಡ್ಡಿನಲ್ಲಿ ಗುಡಾರ ಸೇರಿತ್ತು, ಬೋಂಡ ಸೇರಿತ್ತು, ತೆರಿಗೆಯೂ ಸೇರಿತ್ತು. ಆ ಮುದುಕನ ನಿದ್ದೆ ಸೇರಿರಲಿಲ್ಲ. ಆನೆ ಕಾಡಿನಲ್ಲಿ ಉಳಿದಿರುವುದು ವನ್ಯಧಾಮದ ಗಡಿಗೆರೆಯಿಂದ ಎಷ್ಟೋ ಅಷ್ಟೇ, ಗೆರೆಯ ಹೊರಗೆ ರಾಗಿ ಕಳೆದುಕೊಂಡೂ ಅದಕ್ಕೆ ಗಣಪತಿಯೆಂದು ಕೈಮುಗಿಯುವ ಜನರಿಂದ. ಬಿಡಾರದಲ್ಲಿ ಮಲಗುವ ಪ್ರತಿಯೊಬ್ಬರ ಹಣದಲ್ಲಿ ಒಂದು ಪಾಲು, ತುಳಿದ ಹೊಲಕ್ಕೆ ಮರುದಿನವೇ ತಲುಪುವಂತೆ ಏಕೆ ಸೇರಿರಬಾರದು? ಈ ಮಾತನ್ನು ನಾನು ತೂಗಿ ನೋಡಿಯೇ ಬರೆಯುತ್ತಿದ್ದೇನೆ.

ಅಮ್ಮ ಮಲಗಲಿಲ್ಲ. ಗುಡಾರದ ಮುಂದಿನ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ನಡುರಾತ್ರಿಯಲ್ಲಿ ಎದ್ದು ಬಂದಾಗ ಹೊಳೆ ಸಂಜೆಗಿಂತ ಮೇಲೆ ಬಂದಿತ್ತು, ನಾವು ಕಾಲಿಟ್ಟಿದ್ದ ಕಲ್ಲು ಮುಳುಗಿತ್ತು. ಮೇಲೆ ಪವರ್‌ಹೌಸಿನಿಂದ ನೀರು ಬಿಟ್ಟರೆ ಹೀಗೆ ಏರುತ್ತದೆ ಎಂದು ತೆಪ್ಪದವರು ಹೇಳಿದ್ದರು. ದೂರದಲ್ಲಿ ಎಲ್ಲೋ ಪಟಾಕಿಯ ಸದ್ದು ಒಂದು ಸಲ ಕೇಳಿತು. ಅಮ್ಮ ತಲೆ ಎತ್ತಿದಳು. ಮತ್ತೆ ಕೇಳಲಿಲ್ಲ.

ಬೆಳಗ್ಗೆ ನಾನು ಕಾಡು ಸುತ್ತಲು ಹೋಗಿ ಬಂದಾಗ ಗೇಟಿನ ಹತ್ತಿರ ಮಾವನ ಟಿವಿಎಸ್ ನಿಂತಿತ್ತು. ಹಿಂದಿನ ಸೀಟಿಗೆ ಗೊಬ್ಬರದ ಚೀಲದ ತುಂಬ ಅವರೆಕಾಯಿ ಕಟ್ಟಿಕೊಂಡು ಬಂದಿದ್ದರು. ಗೇಟಿನವರು ಒಳಗೆ ಬನ್ನಿ ಎಂದು ಕರೆದರಂತೆ. ಕೆಸರು ಕಾಲು, ಬೇಡ ಎಂದು ಮಾವ ಹೊರಗಿನ ಹುಣಸೆ ಮರದ ಕೆಳಗೇ ಕುಕ್ಕರಗಾಲಲ್ಲಿ ಕೂತಿದ್ದರು. ಅಮ್ಮ ಅವರ ಪಕ್ಕದಲ್ಲಿ ಬೇರಿನ ಮೇಲೆ ಕೂತು ಅವರ ಅಂಗೈ ತಿರುಗಿಸಿ ನೋಡುತ್ತಿದ್ದಳು. ಪಟಾಕಿಯ ಕಿಡಿ ತಾಗಿ ಬೊಬ್ಬೆ ಬಂದಿತ್ತು.

"ಬಂದಿದ್ವಾ ಮಾವ?"

"ಬಂದಿದ್ವು. ನಮ್ಮದ್ಕೆ ಬರ್ಲಿಲ್ಲ. ಪಕ್ಕದೋನ್ದು ಅರ್ಧ ಎಕ್ರೆ ರಾಗಿ ಹೋಯ್ತು. ನಾಳೆ ಕೊಯ್ಯೋನಿದ್ದ." ಸ್ವಲ್ಪ ಹೊತ್ತು ಬಿಟ್ಟು, "ಮರಿ ಚೆನ್ನಾಗವೆ, ಕನ. ಒಂದಂತೂ ಮೆದೆ ಸುತ್ತ ಆಟ ಆಡ್ಕಂಡು ನಿಂತಿತ್ತು, ಅವ್ವ ಕರೆದ್ರೂ ಹೋಗ್ವಲ್ದು" ಎಂದರು.

ಹುಡುಗ ಗೋಲ್‌ಘರಿನಿಂದ ಇಡ್ಲಿಯ ತಟ್ಟೆಯನ್ನೂ ದೊಡ್ಡ ಲೋಟದಲ್ಲಿ ಕಾಫಿಯನ್ನೂ ತಂದು ಮಾವನ ಮುಂದೆ ಇಟ್ಟ. ಇದು ಲೆಕ್ಕದಲ್ಲಿ ಇಲ್ಲದ್ದು, ನಾನು ಕೊಡುತ್ತೇನೆ ಎಂದು ನಾನು ಪರ್ಸು ತೆಗೆಯಲು ಹೋದೆ. ಅಮ್ಮ ಕಣ್ಣಲ್ಲೇ ತಡೆದಳು. ಮಾವ ತಿಂದು ಮುಗಿಸುವವರೆಗೂ ಹುಡುಗ ನಿಂತೇ ಇದ್ದ, ಚಟ್ನಿ ಬೇಕಾ ಎಂದು ಎರಡು ಸಲ ಕೇಳಿದ. ಅಮ್ಮ ಗೊಬ್ಬರದ ಚೀಲದ ಬಾಯಿ ಬಿಚ್ಚಿ, ಮಡಿಲ ತುಂಬ ಅವರೆಕಾಯಿ ತೆಗೆದು ಅವನ ಏಪ್ರನ್ನಿಗೆ ಸುರಿದಳು. "ನಿಮ್ಮಜ್ಜಿಗೆ ಕೊಡು. ಹಲಗೂರ್ ಕಡೆ ದೊಡ್ಡವ್ವನ ತಂಗಿ ಕೊಟ್ಲು ಅನ್ನು."

ಮಾವ ಎದ್ದು ಟಿವಿಎಸ್ ಒದ್ದರು. ರಾತ್ರಿಯೆಲ್ಲ ಎಚ್ಚರವಾಗಿದ್ದೀಯ, ಇವತ್ತಾದರೂ ಮನೆಯಲ್ಲಿ ಮಲಗು ಎಂದು ಅಮ್ಮ ಹ್ಯಾಂಡಲ್ ಹಿಡಿದು ನಿಂತಳು. "ಎಲ್ಲಾದದಕ್ಕ? ಪಕ್ಕದೋನು ಪರಿಹಾರದ ಅರ್ಜಿ ಕೊಡಕ್ಕೆ ಹೋಗವ್ನೆ. ಉಳಿದಿರೋ ಅರ್ಧಕ್ಕೆ ಇವತ್ತು ನಾನೇ ಕಾವಲು" ಎಂದು ಮಾವ ಗಾಡಿ ತಿರುಗಿಸಿಕೊಂಡರು.